ತಿರಸ್ಕೃತ ಅಂದ್ರ, ಒಲ್ಲೆ ಅಂದವರು ಯಾರು?



ಈ ಸಲ ಬರೆಯೋದು ತಡ ಆತು. ಕಡ್ಲಿ ಕಾಯಿ ಹಿಡಿಯೋ ಹೊತ್ತಿನ್ಯಾಗ ಹುಳದ ಕಾಟ ಸುರುವಾಗಿ ಎರಡು ವಾರ ಹೊಲಾನ ಮನಿ ಆಗಿತ್ತು. ಇವತ್ತು ಬೆಳಿ ಬಗ್ಗೆ ಅಲ್ಲ, ಒಂದು ಶಬ್ದದ ಬಗ್ಗೆ ಬರೀತೀನಿ. ಎಸ್ಸೆಸ್ಸೆಲ್ಸಿ ಪಾಸಾದವ ಶಬ್ದದ ಬಗ್ಗೆ ಏನು ಬರೀತಾನ ಅಂತ ನಗಬ್ಯಾಡ್ರಿ. ಈ ಒಂದು ಶಬ್ದ ನಮ್ಮ ಊರಾಗ ಹನ್ನೊಂದು ಮನಿ ರೊಕ್ಕ ತಡದು ನಿಲ್ಲಿಸೇತಿ. ಅದಕ್ಕ ಬರೀಬೇಕಾತು.

ಕಡ್ಲಿ ಹುಳಕ್ಕ ಔಷಧ ಕೇಳಾಕ ಅಂತ ನಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರಕ್ಕ ಹೋಗಿದ್ದೆ. ಗ್ವಾಡಿ ಮ್ಯಾಲೆ ನಾಕೈದು ಹಾಳಿ ಅಂಟಿಸಿದ್ದರು. ಮ್ಯಾಲೆ ದಪ್ಪ ಅಕ್ಷರದಾಗ, ಮುಂಗಾರು ಬೆಳೆ ವಿಮೆ, ತಿರಸ್ಕೃತಗೊಂಡ ಪ್ರಸ್ತಾವನೆಗಳು ಅಂತ ಇತ್ತು. ಸುಮ್ಮನ ಕಣ್ಣಾಡಿಸಿದೆ. ಮೊದಲನೇ ಹಾಳ್ಯಾಗ ನನ್ನ ಹೆಸರು. ಹೆಸರಿನ ಮುಂದ ಸರ್ವೆ ನಂಬರು, ಅದರ ಮುಂದ ವಿಮೆ ಮಾಡಿಸಿದ ಬೆಳಿ: ಹೆಸರು. ಅದರ ಮುಂದ ಸಮೀಕ್ಷೆಯ ಬೆಳಿ: ಬೀಳು. ಕಡೀಕ ಒಂದ ಶಬ್ದ: ತಿರಸ್ಕೃತ.

ನನ್ನ ಮೂರು ಎಕರೆ ಇಪ್ಪತ್ತು ಗುಂಟೆ ಎರಿ ಹೊಲ ಬೀಳು ಬಿದ್ದೈತಿ ಅಂತ ಬರದಾರ. ಅಲ್ರೀ, ನನ್ನ ಹೆಣತಿ ಆ ಹೊಲದಾಗ ಕೂತು ಕಾಯಿ ಬಿಡಿಸಿ ಬಿಡಿಸಿ ಬೆರಳು ಒಡಕೊಂಡಾಳ. ಕೊಯ್ಲಿನ ಹೊತ್ತಿಗೆ ಹತ್ತಿದ ಮಳಿ ಬಿಡಲಿಲ್ಲ, ಗಿಡದಾಗ ಕಾಯಿ ಮೊಳಕಿ ಒಡದ್ವು. ಹತ್ತು ಕ್ವಿಂಟಲ್ ಬರೋ ಹೊಲದಾಗ ಎರಡೂವರಿ ಕ್ವಿಂಟಲ್ ಕರೀ ಕಾಳು ಸಿಕ್ಕಿತ್ತು. ಅದನ್ನ ದಲಾಲಿ ಅಂಗಡಿಗೆ ಹಾಕಿದ ಪಟ್ಟಿ ಮನ್ಯಾಗ ಐತಿ.

ಆಗಿದ್ದು ಇಷ್ಟು. ನಮ್ಮ ಕಡೆ ಹೆಸರು ಎರಡು ತಿಂಗಳ ಬೆಳಿ. ಮೊದಲನೇ ಮಳಿಗೆ ಬಿತ್ತಿದ್ರ ಶ್ರಾವಣ ಮುಗಿಯೋದ್ರಾಗ ಹೊಲ ಖಾಲಿ. ಹರಗಿ ಹಿಂಗಾರಿಗೆ ಹಸನ ಮಾಡ್ತೀವಿ. ಸಮೀಕ್ಷೆ ಹುಡುಗ ಬಂದಾಗ ಹೊಲದಾಗ ಬರೇ ಕರೀ ಮಣ್ಣು. ಅಂವ ಫೋಟೋ ಹೊಡದ, ಬೀಳು ಅಂತ ಒತ್ತಿದ. ಅಂವನ್ನೂ ಬೈಯೂದಿಲ್ಲ ನಾನು. ಒಂದೊಂದು ಹುಡುಗಗ ನೂರಾರು ಪ್ಲಾಟು ಕೊಟ್ಟಿರ್ತಾರ.

ಹಿಂಗ ವಿಮೆಯ ಬೆಳಿ ಒಂದು, ಸಮೀಕ್ಷೆಯ ಬೆಳಿ ಒಂದು ಆದ್ರ ತಾಳೆ ಆಗಿಲ್ಲ ಅಂತ ತಗದು ಹಾಕ್ತಾರ. ಆಕ್ಷೇಪಣೆ ಇದ್ರ ಹದಿನೈದು ದಿನದಾಗ ಕೊಡ್ರಿ ಅಂತ ಹಾಳಿ ಕೆಳಗ ಸಣ್ಣ ಅಕ್ಷರದಾಗ ಇತ್ತು. ನಾ ನೋಡಿದ್ದು ಹನ್ನೆರಡನೇ ದಿನ.

ಮನಿಗೆ ಬಂದು ಹೆಣತಿಗೆ ಹೇಳಿದೆ. ಆಕಿ ಓದಿದ್ದು ಐದನೇತ್ತೆ. ಒಂದ ಪ್ರಶ್ನೆ ಕೇಳಿದಳು.

"ಅಲ್ರೀ, ತಿರಸ್ಕಾರ ಮಾಡ್ಯಾರ ಅಂದ್ರ ಏನ್ರಿ? ನಾವೇನು ತಪ್ಪು ಮಾಡೇವಿ?"

ಆಗ ನನಗೆ ಆ ಶಬ್ದ ಚುಚ್ಚಿತು. ಆಫೀಸಿನವರಿಗೆ ಅದು ಬರೇ ಒಂದು ಕಾಲಂ. ನಮ್ಮ ಮನ್ಯಾಗ ತಿರಸ್ಕಾರ ಅಂದ್ರ ಬ್ಯಾರೆ. ತೌರಿನವರು ಮಗಳನ್ನ ತಿರಸ್ಕಾರ ಮಾಡಿದ್ರು, ಮಗ ಮುದುಕಿ ತಾಯಿನ್ನ ತಿರಸ್ಕಾರ ಮಾಡಿದ ಅಂತೀವಿ. ಅಂದ್ರ ಕೀಳಾಗಿ ಕಂಡ್ರು, ಮಾರಿ ತಿರುವಿದ್ರು ಅಂತ ಅರ್ಥ. ತಿನ್ನೋ ಅನ್ನ ತಿರಸ್ಕಾರ ಮಾಡಬ್ಯಾಡ ಅಂತ ಮಕ್ಕಳಿಗೆ ಹೇಳ್ತೀವಿ. ಒಂಬೈನೂರು ಚಿಲ್ಲರೆ ರೂಪಾಯಿ ನಮ್ಮ ಪಾಲಿನ ವಂತಿಗಿ ಕಟ್ಟಿ, ಪಹಣಿ, ಆಧಾರ್, ಪಾಸ್‌ಬುಕ್ ಕೊಟ್ಟು ಮಾಡಿಸಿದ ವಿಮೆಗೆ ಈ ಶಬ್ದ ಬಂದ್ರ ಹೆಣಮಗಳು ಮತ್ತೇನು ತಿಳೀಬೇಕು?

ಹಳೇ ಕಾಗದಪತ್ರದಾಗ ಇದಕ್ಕ ಬ್ಯಾರೆ ಶಬ್ದ ಇದ್ದವು. ನಮ್ಮ ಅಪ್ಪನ ಟ್ರಂಕಿನ್ಯಾಗ ಒಂದು ಅರ್ಜಿ ಐತಿ, ಅದರ ಮ್ಯಾಲೆ ನಾಮಂಜೂರು ಅಂತ ಬರದು ಸಾಹೇಬರು ಸಹಿ ಹಾಕ್ಯಾರ. ಪಾರಸಿ ಕಡೆಯಿಂದ ಬಂದ ಶಬ್ದ. ಮಂಜೂರು ಅಂದ್ರ ಒಪ್ಪಿಗಿ, ಮುಂದ ಒಂದು ನಾ ಹತ್ತಿದ್ರ ಒಪ್ಪಿಗಿ ಇಲ್ಲ. ಅದರಾಗ ಯಾರನ್ನೂ ಕೀಳು ಮಾಡೋದಿಲ್ಲ. ವಜಾ ಅನ್ನೋದು ಇನ್ನೊಂದು. ಕೋರ್ಟಿನ್ಯಾಗ ಅರ್ಜಿ ವಜಾ ಆಗತೈತಿ, ನೌಕರಿಯಿಂದ ಮನಷ್ಯಾ ವಜಾ ಆಗತಾನ. ದಲಾಲಿ ಅಂಗಡ್ಯಾಗ ಹಮಾಲಿ ಖರ್ಚು ವಜಾ ಮಾಡಿ ರೊಕ್ಕ ಕೊಡ್ತಾರ. ಅಲ್ಲಿ ವಜಾ ಅಂದ್ರ ಬರೇ ಕಳೆಯೋದು. ಇವೆಲ್ಲಾ ಲೆಕ್ಕದ ಶಬ್ದ, ಮನಸಿಗೆ ಹತ್ತೋದಿಲ್ಲ. ತಿರಸ್ಕೃತ ಹತ್ತತೈತಿ.

ಆದ್ರ ನಮ್ಮ ಭಾಷಾದಾಗ, ನಮ್ಮ ಬಾಯಾಗ ದಿನಾ ಓಡಾಡೋ ಒಂದು ಶಬ್ದ ಐತಿ. ಒಲ್ಲೆ.

ಚಾ ಒಲ್ಲೆ. ಊಟಾ ಒಲ್ಲೆ. ಹುಡುಗ ಸಾಲಿಗೆ ಹೋಗಾಕ ಒಲ್ಲೆ ಅಂತಾನ. ಹುಡುಗಿ ಈ ಗಂಡು ಒಲ್ಲೆ ಅಂತಾಳ. ನಮ್ಮ ಕಡೆ ಮಳೀಗೂ ಇದನ್ನ ಹಚ್ಚತೀವಿ, ಮಳಿ ಬರವಲ್ದು ಅಂತ. ಎತ್ತು ಏಳವಲ್ದು, ಮೋಟರ್ ಚಾಲೂ ಆಗವಲ್ದು. ಬರೋ ಶಕ್ತಿ ಐತಿ, ಆದ್ರ ಬರಾಕ ಮನಸಿಲ್ಲ ಅನ್ನೋ ಹಂಗ. ಮಳಿಗೂ ಒಂದು ಮನಸು ಐತಿ ಅಂತ ನಮ್ಮ ಹಿರ್ಯಾರು ತಿಳದಿದ್ರು.

ಈ ಶಬ್ದದ ಬಗ್ಗೆ ನಮಗ ಹೈಸ್ಕೂಲಿನ್ಯಾಗ ಕನ್ನಡ ಕಲಿಸಿದ ಮಾಸ್ತರ ಹತ್ರ ಹೋಗಿ ಕೇಳಿದೆ. ರಿಟೈರ್ ಆಗಿ ಊರಾಗ ಅದಾರ. ಅವರು ಕಟ್ಟಿ ಮ್ಯಾಲೆ ಕುಂದರಿಸಿ ಹೇಳಿದ್ರು.

"ಅಲ್ಲೋ ತಮ್ಮಾ, ಒಲವು, ಒಲಿ, ಒಲ್ಲೆ, ಎಲ್ಲಾ ಒಂದ ಮನೆತನದವು. ಹಳೇ ಕನ್ನಡದಾಗ ಇಲ್ಲ ಅನ್ನಾಕ ಬ್ಯಾರೆ ಅಕ್ಷರ ಬೇಕಾಗಿರಲಿಲ್ಲ. ಕೊಡುವೆ ಅನ್ನೂದ್ರಾಗ ನಡುವ ಒಂದು ವ ಐತಿ. ಕೊಡೆ ಅನ್ನೂದ್ರಾಗ ನಡುವ ಏನೂ ಇಲ್ಲ. ಕ್ರಿಯಾ ಐತಿ, ಅದಕ್ಕ ಹತ್ತಿಕೊಂಡು ಮನಷ್ಯಾ ಅದಾನ. ಒಲ್ಲೆ ಅಂದ್ರ ನಾನು. ಒಲ್ಲೆವು ಅಂದ್ರ ನಾವು. ಒಲ್ಲಳು ಅಂದ್ರ ಆಕಿ. ಯಾರು ಅಂತ ಹೇಳದ ಆ ಶಬ್ದ ಮುಗಿಯೂದ ಇಲ್ಲ."

ನಾ ಮನಿಗೆ ಬರೋ ದಾರ್ಯಾಗ ಇದನ್ನ ವಿಚಾರ ಮಾಡಕೋತ ಬಂದೆ. ತಿರಸ್ಕೃತ ಅನ್ನೂದ್ರಾಗ ಯಾರದಾರ? ಯಾರೂ ಇಲ್ಲ. ತಿರಸ್ಕರಿಸಲಾಗಿದೆ ಅಂದ್ರೂ ಅಷ್ಟ. ಆಗಿದೆ, ಆದ್ರ ಮಾಡಿದವರಿಲ್ಲ. ಗಾಳಿ ಬೀಸಿ ಜೋಳ ಬಿದ್ದಂಗ.

ನಾ ಇದನ್ನ ಖರೇನ ಪರೀಕ್ಷೆ ಮಾಡಿದೆ. ರೈತ ಸಂಪರ್ಕ ಕೇಂದ್ರದಾಗ ಕೇಳಿದ್ರ, "ನಾವು ಮಾಡಿಲ್ಲ ಅಣ್ಣಾರ, ಕಂಪನಿಯವರು" ಅಂದ್ರು. ವಿಮೆ ಕಂಪನಿ ನಂಬರಿಗೆ ಫೋನ್ ಹಚ್ಚಿದ್ರ, "ಸರ್, ಸಮೀಕ್ಷೆ ಡೇಟಾ ಪ್ರಕಾರ ಸಿಸ್ಟಮ್‌ನಲ್ಲಿ ಆಗಿದೆ" ಅಂದಳು ಒಬ್ಬ ಹುಡುಗಿ. ಸಮೀಕ್ಷೆ ಹುಡುಗನ್ನ ಕೇಳಿದ್ರ, "ನಾ ಫೋಟೋ ಅಷ್ಟ ಹೊಡದೀನ್ರಿ, ವಿಮೆ ಬಗ್ಗೆ ನನಗೇನು ಗೊತ್ತಿಲ್ಲ" ಅಂದ. ಮೂರೂ ಮಂದಿ ಸುಳ್ಳು ಹೇಳಲಿಲ್ಲ. ಮೂರೂ ಮಂದಿ ಖರೇ ಹೇಳಿದ್ರೂ ನನ್ನ ಹೊಲ ಬೀಳು ಆಗೇ ಉಳೀತು.

ಒಂದು ಮಾತು ನ್ಯಾಯಕ್ಕ ಹೇಳಬೇಕು. ತಿರಸ್ಕಾರ ಮಾಡೋದ ತಪ್ಪು ಅಂತ ನಾ ಹೇಳವಲ್ಲೆ. ಬಿತ್ತಲಾರದ ಬೆಳಿಗೆ ವಿಮೆ ಮಾಡಿಸಿದವರು ನಮ್ಮ ಊರಾಗೂ ಅದಾರ. ಫಸಲ್ ಬಿಮಾ ಯೋಜನೆಯೊಳಗ ಮುಂಗಾರಿನ ಕಾಳು, ಎಣ್ಣೆಬೀಜಕ್ಕ ರೈತ ಕಟ್ಟೋದು ವಿಮೆ ಮೊತ್ತದ ನೂರಕ್ಕ 2, ಹಿಂಗಾರಿಗೆ ಒಂದೂವರಿ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳಿಗೆ 5. ಉಳಿದ ವಂತಿಗಿ ಸರ್ಕಾರ ತುಂಬತೈತಿ, ಅಂದ್ರ ಎಲ್ಲಾರ ರೊಕ್ಕ. ಸುಳ್ಳು ಪ್ರಸ್ತಾವನೆ ಬಂದ್ರ ಒಲ್ಲೆ ಅನ್ನಲೇಬೇಕು. ನನ್ನ ತಕರಾರು ಒಲ್ಲೆ ಅಂದಿದ್ದಕ್ಕಲ್ಲ. ಒಲ್ಲೆ ಅಂದವರು ಮಾರಿ ತೋರಸವಲ್ಲರು ಅನ್ನೋದಕ್ಕ.

ಗಾದಿ ಮಾತು ಐತೆಲ್ಲ, ಒಲ್ಲದ ಗಂಡಗ ಮೊಸರಾಗೂ ಕಲ್ಲು ಅಂತ. ಆ ಗಂಡ ಕೆಟ್ಟವನ ಇರಬಹುದು. ಆದ್ರೂ ಎದುರಿಗೆ ಕುಂತು, ಮೊಸರಾಗ ಕಲ್ಲೈತಿ ಅಂತಾನ. ಹೆಣತಿ ತಾಟು ತೋರಿಸಿ, ಎಲ್ಲೈತಿ ಕಲ್ಲು ಅಂತ ಜಗಳಾಡಬಹುದು. ಇಲ್ಲಿ ಗಂಡನೂ ಕಾಣೂದಿಲ್ಲ, ತಾಟೂ ಕಾಣೂದಿಲ್ಲ.

ಈಗ ನಮ್ಮ ಕಡೆಯ ತಪ್ಪಿಗೂ ಬರ್ತೀನಿ. ಬರೇ ಆಫೀಸಿನವರನ್ನ ಬೈದು ಲೈಕ್ ತಗೊಳ್ಳೋದು ನನಗ ಆಗೂದಿಲ್ಲ.

ನಮಗೂ ನೆಟ್ಟಗ ಒಲ್ಲೆ ಅನ್ನಾಕ ಬರೂದಿಲ್ಲ. ಹೆಣ್ಣು ನೋಡಾಕ ಹೋಗಿ ಅವಲಕ್ಕಿ ತಿಂದು ಚಾ ಕುಡದು, ಊರಿಗೆ ಹೋಗಿ ಹೇಳಿ ಕಳಸ್ತೀವಿ ಅಂತ ಎದ್ದು ಬರ್ತೀವಿ. ಹೇಳಿ ಕಳಸೂದಿಲ್ಲ. ಹುಡುಗಿ ಮನಿಯವರು ತಿಂಗಳಗಟ್ಟಲೆ ದಾರಿ ಕಾಯ್ತಾರ. ನಮ್ಮ ತಂಗಿಗೆ ಹಂಗ ಮಾಡಿದ್ರು ಒಂದು ಮನಿಯವರು, ನನಗಿನ್ನೂ ನೆನಪೈತಿ. ಒಲ್ಲೆವು ಅಂತ ಒಂದು ಮಾತು ಹೇಳಿದ್ರ ಅವತ್ತ ಅತ್ತು ಮುಗಸ್ತಿದ್ದಳು.

ಎರಡು ವರ್ಷದ ಹಿಂದ ಸೋಲಾರ್‌ಗೆ ಜಮೀನು ಲೀಸ್ ಹಿಡಿಸೋ ಏಜೆಂಟ ನಮ್ಮ ಮನಿಗೂ ಬಂದಿದ್ದ. ಇಪ್ಪತ್ತೆಂಟು ವರ್ಷಕ್ಕ ಕರಾರು. ನನಗ ಮನಸಿರಲಿಲ್ಲ. ಆದ್ರ ಮನಿಗೆ ಬಂದವನ ಮುಂದ ಹೆಂಗ ಅನ್ನೋದು ಅಂತ, "ನೋಡೂಣು ತಗೋರಿ" ಅಂದೆ. ವಾರ ಬಿಟ್ಟು ಆಜೂಬಾಜೂ ಹೊಲದವರು ಬಂದ್ರು. "ನೀವು ಒಪ್ಪೀರಂತಲ್ರಿ, ಪಟ್ಟ್ಯಾಗ ನಿಮ್ಮ ಹೆಸರೈತಿ" ಅಂದ್ರು. ನನ್ನ ನೋಡೂಣು ಅಂವನ ವಹಿಯೊಳಗ ಹೂಂ ಆಗಿತ್ತು. ಅದನ್ನ ತೋರಿಸಿ ಇನ್ನಿಬ್ಬರ ಹತ್ರ ಸಹಿ ಮಾಡಿಸಿಕೊಂಡಿದ್ದ. ಆ ಇಬ್ಬರು ಈಗ ಪಶ್ಚಾತ್ತಾಪ ಪಡ್ತಾರೋ ಇಲ್ಲೋ ಬ್ಯಾರೆ ಮಾತು. ನನ್ನ ಸಂಕೋಚ ಅವರ ಹೊಲದ ಮ್ಯಾಲೆ ಹೋತು ಅನ್ನೋದು ಮಾತ್ರ ಖರೆ.

ನೆಟ್ಟಗ ಒಲ್ಲೆವು ಅಂದ ಮಂದಿ ನಮ್ಮ ಜಿಲ್ಲೆಯೊಳಗ ಅದಾರ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಮುತ್ತ ಪೋಸ್ಕೊ ಉಕ್ಕಿನ ಕಾರ್ಖಾನಿಗೆ ಭೂಮಿ ತಗೊಳ್ಳೋ ಪ್ರಸ್ತಾವನೆ ಬಂದಿತ್ತು. ಕೊಡಾಕ ತಯಾರಿದ್ದವರೂ ಇದ್ದರು. ಒಲ್ಲದವರು ಬೀದಿಗೆ ಬಂದು ಹೇಳಿದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದ ನಿಂತರು. ಆ ವರ್ಷ ಜುಲೈದಾಗ ಸರ್ಕಾರ ಆ ಜಾಗ ಕೈಬಿಟ್ಟಿತು. ಸರಿಯೋ ತಪ್ಪೋ ಅಂತ ಇವತ್ತಿಗೂ ಚಾದಂಗಡ್ಯಾಗ ವಾದ ಮಾಡ್ತಾರ. ಆದ್ರ ಯಾರು ಒಲ್ಲೆ ಅಂದ್ರು, ಯಾಕ ಅಂದ್ರು ಅನ್ನೋದು ಎಲ್ಲಾರಿಗೂ ಗೊತ್ತು. ವಾದ ಮಾಡಾಕಾದರೂ ಬರತೈತಿ.

ಒಡಿಶಾದ ನಿಯಮಗಿರಿ ಗುಡ್ಡದ ಡೊಂಗ್ರಿಯಾ ಕೊಂಧ ಮಂದಿದೂ ಹಂಗ. ಅಲ್ಲಿ ಬಾಕ್ಸೈಟ್ ಗಣಿ ಮಾಡಬೇಕಂತಿತ್ತು. 2013ರ ಏಪ್ರಿಲ್‌ದಾಗ ಸುಪ್ರೀಂ ಕೋರ್ಟು, ಗ್ರಾಮಸಭೆಗಳನ್ನ ಕೇಳ್ರಿ ಅಂತು. ಆ ವರ್ಷ 12 ಊರಾಗ ಗ್ರಾಮಸಭೆ ಆದವು, 12ಕ್ಕ 12 ಒಲ್ಲೆವು ಅಂದವು. ಮರು ವರ್ಷ ಜನವರಿಯೊಳಗ ಕೇಂದ್ರದ ಪರಿಸರ ಇಲಾಖೆ ಗಣಿಗೆ ಅನುಮತಿ ಇಲ್ಲ ಅಂತು. ಹಳ್ಳಿ ಮಂದಿ ಒಲ್ಲೆವು ಅಂದಿದ್ದು ಕಾಗದದ ಮ್ಯಾಲೆ ಇತ್ತು, ಅದಕ್ಕ ದಿಲ್ಲಿ ತನಕ ಮುಟ್ಟಿತು. ಅಲ್ಲಿಯವರೂ ನೋಡೂಣು ಅಂದಿದ್ರ ಏನಾಗತಿತ್ತು ಅಂತ ವಿಚಾರ ಮಾಡ್ರಿ.

ಹಂಗಾದ್ರ ಆಫೀಸು ಒಲ್ಲೆ ಅನ್ನೋದು ಹೆಂಗಿರಬೇಕು? ಇದಕ್ಕ ಹೊಸ ಕಾನೂನು ಹುಡುಕಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮಿನ 8ನೇ ಉಪಕಲಮು ಓದ್ರಿ. ಮಾಹಿತಿ ಕೊಡಾಕ ಒಲ್ಲೆ ಅಂದ್ರ ಅಧಿಕಾರಿ ಮೂರು ಮಾತು ತಿಳಿಸಬೇಕು. ಯಾಕ ಒಲ್ಲೆ ಅಂದೆ. ಎಷ್ಟು ದಿನದಾಗ ಮೇಲ್ಮನವಿ ಹಾಕಬೇಕು. ಯಾರ ಹತ್ರ ಹಾಕಬೇಕು. ಇದ ಪದ್ಧತಿ ಬೆಳೆ ವಿಮೆಗೂ ಯಾಕಿರಬಾರದು? ಗ್ವಾಡಿ ಮ್ಯಾಲಿನ ಹಾಳಿ ಸಾಲದು. ರೈತನ ಕೈಗೆ ಕನ್ನಡದಾಗ ಒಂದು ಚೀಟಿ ಬರಬೇಕು: "ನಿಮ್ಮ ಪ್ರಸ್ತಾವನೆ ಒಪ್ಪಿಲ್ಲ. ಕಾರಣ, ಇಂಥಾ ತಾರೀಖು ತಗದ ಈ ಫೋಟೋದಾಗ ಹೊಲ ಖಾಲಿ ಕಂಡೈತಿ. ಒಪ್ಪದವರು ಇಂಥಾ ಹುದ್ದೆಯವರು. ನಿಮ್ಮ ಹತ್ರ ಮಾರಿದ ರಸೀದಿ ಇದ್ರ ಇಂಥಾ ದಿನದೊಳಗ ಇವರಿಗೆ ಕೊಡ್ರಿ." ಇಷ್ಟ. ಅದರಾಗ ತಿರಸ್ಕಾರ ಅನ್ನೋ ಶಬ್ದ ಬ್ಯಾಡ. ಒಪ್ಪಿಲ್ಲ ಅಂದ್ರ ಸಾಕು, ನನ್ನ ಹೆಣತಿಗೂ ತಿಳೀತೈತಿ. ಫೋಟೋದ ತಾರೀಖು ಒಂದು ಹಾಕಿದ್ರ ಅರ್ಧ ತಕರಾರು ಅಲ್ಲೇ ಮುಗೀತಾವ. ಹೆಸರು ಕಿತ್ತ ಮ್ಯಾಲೆ ತಗದ ಫೋಟೋ ಅಂತ ಯಾವ ಸಾಹೇಬರಿಗೂ ಗೊತ್ತಾಗತೈತಿ.

ಇನ್ನ ಕಡೀ ಮಾತು. ಇದನ್ನ ಹೇಳಾಕ ನನಗ ನಾಚಿಕಿ ಆಗತೈತಿ.

ಅವತ್ತು ಗ್ವಾಡಿ ಮ್ಯಾಲೆ ನನ್ನ ಹೆಸರು ಕಂಡ ಕೂಡಲೆ ತಲಿ ತಿರುಗಿ, ಉಳಿದ ಹಾಳಿ ಓದದ ಬಂದುಬಿಟ್ಟೆ. ಮರುದಿನ ಪಟ್ಟಿ, ಪಹಣಿ ಝೆರಾಕ್ಸ್ ಹಚ್ಚಿ ನನ್ನ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಶಿಕ್ಕಾ ಹಾಕಿಸಿಕೊಂಡೆ. ನಾಕು ದಿನ ಬಿಟ್ಟು ನಮ್ಮ ಬಾಜೂ ಹೊಲದ ಅಕ್ಕ ಕೇಳಿದಳು, "ತಮ್ಮಾ, ವಿಮೆ ರೊಕ್ಕ ಯಾವಾಗ ಬರತೈತಿ?" ಗಂಡ ತೀರಿಕೊಂಡು ಆರು ವರ್ಷ. ಮಗ ಗೋವಾದಾಗ ದುಡೀತಾನ. ಅರ್ಜಿಗೆ ಕೊಟ್ಟ ಫೋನ್ ನಂಬರು ಮಗಂದು. ನಾ ಹೋಗಿ ಪಟ್ಟಿ ನೋಡಿದೆ. ಮೂರನೇ ಹಾಳ್ಯಾಗ ಆಕಿ ಹೆಸರಿತ್ತು. ಹೆಸರು ಬಿತ್ತಿದ ಹೊಲಕ್ಕ ಗೋವಿನಜೋಳ ಅಂತಿತ್ತು. ಹದಿನೇಳನೇ ದಿನ ಆಗಿತ್ತು.

ಆಕಿಗೆ ಹೇಳಿದೆ. ಆಕಿ ಅಳಲಿಲ್ಲ, ಬೈಯಲಿಲ್ಲ. "ಯಾರ ಒಲ್ಲೆ ಅಂದವರು? ಹೆಸರರ ಹೇಳು ತಮ್ಮಾ, ನಾನ ಹೋಗಿ ಕೇಳ್ತೀನಿ" ಅಂದಳು.

ಏನು ಹೇಳಲಿ?

ಆಕಿ ಕೂಡ ಹೋಗಿ ತಡವಾದ ಅರ್ಜಿ ಬರದು ಕೊಟ್ಟು ಬಂದೆ. ಟಪಾಲಿನವರು ಶಿಕ್ಕಾ ಹಾಕಿದ್ರು. "ಕೊಟ್ಟಿರ್ರಿ, ನೋಡೂಣು" ಅಂದ್ರು. ನೋಡೂಣು ಅಂದ್ರ ಏನು ಅಂತ ನಿಮಗ ಈಗ ಮ್ಯಾಲೆ ಬರದೀನಿ. ಅರ್ಜಿ ಬರೆಯೋ ಮುಂದ, ಕಡೀಕ ಏನು ಬರೀಲಿ ಅಕ್ಕಾ ಅಂದೆ. "ನಾ ಇದನ್ನ ಒಲ್ಲೆ ಅಂತ ಬರಿ" ಅಂದಳು. ಹಂಗ ಬರದೆ. ಅದರ ಕೆಳಗ ಸಾವಕಾಶ ತನ್ನ ಹೆಸರು ಸಹಿ ಮಾಡಿದಳು.

ಅದಕ್ಕ ನಮ್ಮ ರೈತ ಬಾಂಧವರಿಗೆ ಮೂರು ಮಾತು. ಒಂದು, ಹೆಸರು, ಉದ್ದಿನಂಥಾ ಲಗೂ ಬರೋ ಬೆಳಿ ಇದ್ರ ಕೀಳೂಕಿಂತ ಮೊದಲ ಸಮೀಕ್ಷೆ ಆಗೇತೇನು ನೋಡಕೋರಿ. ಬೆಳೆ ದರ್ಶಕ್ ಆ್ಯಪಿನ್ಯಾಗ ನಿಮ್ಮ ಸರ್ವೆ ನಂಬರಿಗೆ ಏನು ಬರದಾರ ಅಂತ ಕಾಣತೈತಿ, ತಪ್ಪಿದ್ರ ಅಲ್ಲೇ ಆಕ್ಷೇಪಣೆ ಹಾಕಬಹುದು. ಎರಡು, ಕಾಳು ಮಾರಿದ ಪಟ್ಟಿ ಹರದು ಒಗೀಬ್ಯಾಡ್ರಿ. ಮೂರು, ಗ್ವಾಡಿ ಮ್ಯಾಲೆ ಪಟ್ಟಿ ಕಂಡ್ರ ನಿಮ್ಮ ಹೆಸರು ನೋಡಿ ನನ್ನಂಗ ಬರಬ್ಯಾಡ್ರಿ. ಕಡೀ ಹಾಳಿತನ ಓದ್ರಿ, ಫೋಟೋ ಹೊಡದು ಊರಿನ ಗ್ರೂಪಿಗೆ ಹಾಕ್ರಿ, ಫೋನ್ ಇಲ್ಲದವರ ಮನಿಗೆ ಹೋಗಿ ಹೇಳ್ರಿ.

ನಿಮ್ಮ ಕಡೆ ಪಟ್ಟಿ ಹಚ್ಯಾರೇನು? ಅದರಾಗ ಯಾವ ಶಬ್ದ ಬರದಾರ? ತಿಳಿಸ್ರಿ. ಅಕ್ಕನ ಅರ್ಜಿ ಏನಾತು ಅನ್ನೋದು ಗೊತ್ತಾದ ದಿನ ಇಲ್ಲೇ ಬರೀತೀನಿ.